ಒಂಬತ್ತು ಗಂಟಿನ ಹಗ್ಗ

ಹಗ್ಗ ಹರಿಯಬಹುದಿತ್ತು. ಗಂಟು ಜಾರಬಹುದಿತ್ತು. ಬ್ಯಾಟರಿ ಮುಚ್ಚಳದ ಸಂದಿಯಿಂದ ನೀರು ನುಗ್ಗಬಹುದಿತ್ತು. ಬಾವಿಯಲ್ಲಿ ಏನು ಮುಳುಗಿಸುತ್ತಿದ್ದೀರೆಂದು ಮೇಲಿನ ಮನೆಯ ಅಜ್ಜಿ ಮರಾಠಿಯಲ್ಲಿ ಕೂಗಿ ವಾಡೆಯ ಅಷ್ಟೂ ಮನೆಯವರನ್ನು ಸೇರಿಸಬಹುದಿತ್ತು. ಬಗ್ಗಿ ನೋಡುತ್ತಿದ್ದ ನಾನೇ ಬೀಳಬಹುದಿತ್ತು. ಇದನ್ನೆಲ್ಲ ನಾನು ಬೆರಳು ಮಡಚಿ ಎಣಿಸುವಾಗ ವಾಚ್ ರಿಪೇರಿಯವರು ಹಗ್ಗ ಬಿಡುತ್ತಲೇ ಇದ್ದರು. ಅವರ ಬಲಗಣ್ಣಿನ ಸುತ್ತ, ವರ್ಷಗಟ್ಟಲೆ ಭೂತಗನ್ನಡಿ ಒತ್ತಿ ಮೂಡಿದ ಉಂಗುರದಂಥ ಕಲೆ.

"ಸುಮ್ಮನಿರ್ರಿ ಸಾಹೇಬ್ರ. ನಿಮ್ಮ ಚಿಂತಿ ಮುಗಿಯೂದ್ರಾಗ ಇದು ತಳಾ ಮುಟ್ಟಿರ್ತದ."

ಸದಾಶಿವ ಪೇಠದ ಆ ವಾಡೆಯ ಬಾಗಿಲಲ್ಲೇ ಅವರ ಅಂಗಡಿ. ವಿಜಾಪುರದ ಕಡೆಯವರು, ಸಮುದ್ರ ಕಂಡವರಲ್ಲ, ಈಜು ಬಾರದು. ನಾನೋ ಪ್ರೋಗ್ರಾಮರ್, ವರ್ಷಕ್ಕೊಮ್ಮೆ ಮಾಲ್ವಣದ ಸಮುದ್ರದಲ್ಲಿ ಡೈವಿಂಗ್ ಮಾಡಿ ಅದನ್ನೇ ವರ್ಷವಿಡೀ ಹೇಳಿಕೊಳ್ಳುವವನು. ಬ್ಯಾಟರಿ ಹಾಕಿಸಲು ನನ್ನ ಡೈವ್ ಕಂಪ್ಯೂಟರ್ ಒಯ್ದಿದ್ದೆ. ಎಷ್ಟು ಆಳ ಇಳಿದೆವು, ಎಷ್ಟು ಹೊತ್ತು ಇದ್ದೆವು ಎಂದು ಬರೆದಿಡುವ, ಕೈಗೆ ಕಟ್ಟುವ ಸಾಧನ ಅದು. ತಯಾರಿಸಿದ ಕಂಪನಿ ಆ ಮಾದರಿಯನ್ನು ಕೈಬಿಟ್ಟಿತ್ತು. ದೇಶದೇಶಗಳ ಹವ್ಯಾಸಿಗಳು ಬರೆದ, ಯಾರು ಬೇಕಾದರೂ ತೆರೆದು ತಿದ್ದಬಹುದಾದ ತಂತ್ರಾಂಶವೊಂದು ಇಂಥ ಹಲವು ಸಾಧನಗಳ ಮಾಹಿತಿ ಇಳಿಸಿಕೊಡುತ್ತದೆ. ನನ್ನದು ಮಾತ್ರ ಅದಕ್ಕೆ ಓದಲು ಬರುತ್ತಿರಲಿಲ್ಲ. ಆ ಭಾಗ ನಾನೇ ಬರೆದು, ಅದರಲ್ಲಿ ನನ್ನ ಹೆಸರು ನೋಡಬೇಕೆಂಬ ಆಸೆ. ಮೂರು ತಿಂಗಳಾದರೂ ಸಾಧನದಿಂದ ಬಂದ ಅಂಕಿಗಳ ರಾಶಿಯಲ್ಲಿ ಆಳ ಯಾವುದು, ಹೊತ್ತು ಯಾವುದು ತಿಳಿದಿರಲಿಲ್ಲ.

ಗೊತ್ತಿದ್ದ ಆಳಕ್ಕೆ ಇಳಿಸಿ ನೋಡಬಾರದೇ ಎಂದವರು ಅವರು. ಮೀಟರಿಗೊಂದರಂತೆ ಒಂಬತ್ತು ಗಂಟು, ಗಂಟಿಗೊಂದು ನಿಮಿಷ. ಅಂಕಿಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದವು. ಕುಣಿಯಬೇಕಾದವನು ಹಗ್ಗದ ಗಂಟುಗಳನ್ನೇ ಮತ್ತೆ ಎಣಿಸಿದೆ. ಇದು ನನಗೇಕೆ ಹೊಳೆಯಲಿಲ್ಲ?

ಆದರೆ ಪ್ರತಿ ಗಂಟಿಗೂ ನನ್ನ ಲೆಕ್ಕ ಚೂರು ಕಡಿಮೆ ತೋರಿಸುತ್ತಿತ್ತು. ಇಷ್ಟು ಸಾಕು ಎಂದೆ. ರಿಪೇರಿಯಾದ ಗಡಿಯಾರವನ್ನು ಒಂದು ಇಡೀ ದಿನ ತಮ್ಮದರ ಪಕ್ಕ ಇಟ್ಟು ನೋಡದೆ ಕೊಡುತ್ತಿರಲಿಲ್ಲ ಅವರು. "ಓಡೂದು ಬ್ಯಾರೆ, ಖರೇ ಓಡೂದು ಬ್ಯಾರೆ" ಎಂದರು. ಮೂರು ವಾರ ನನ್ನ ಕೋಡಿನಲ್ಲಿ ತಪ್ಪು ಹುಡುಕಿದೆ. ಕೊನೆಗೊಂದು ದಿನ ಚಹಾ ಕುಡಿಯುತ್ತ ಅವರೇ ಕೇಳಿದರು:

"ಸಮುದ್ರದ್ದು ಉಪ್ಪುನೀರು, ಭಾರ ಇರ್ತದಲ್ರಿ? ನಮ್ದು ಬಾವಿ ನೀರು."

ನೀರಿನ ಒತ್ತಡದಿಂದ ಆಳ ಅಳೆಯುವ ಸಾಧನ ಭಾರದ ಉಪ್ಪುನೀರಿನ ಲೆಕ್ಕ ಹಾಕಿ, ಹಗುರ ಬಾವಿ ನೀರಿನಲ್ಲಿ ಆಳ ಕಡಿಮೆ ತೋರಿಸುತ್ತಿತ್ತು, ಅಷ್ಟೇ. ಸಮುದ್ರದ ನೀರು ಕುಡಿದು ಕೆಮ್ಮಿದವನು ನಾನು. ಉಪ್ಪು ನೆನಪಾದದ್ದು ಅವರಿಗೆ. ಆ ರಾತ್ರಿ ಊಟ ಸೇರಲಿಲ್ಲ.

ನಾನು ಬರೆದ ಭಾಗ ತಂತ್ರಾಂಶಕ್ಕೆ ಸೇರಿತು. ಜೊತೆಗಿನ ಟಿಪ್ಪಣಿಯಲ್ಲಿ ಬಾವಿ, ಹಗ್ಗ, ಉಪ್ಪು ಎಲ್ಲ ವಿವರಿಸಿ, ಕೆಳಗೆ ನನ್ನ ಹೆಸರೊಂದನ್ನೇ ಹಾಕಿದೆ. ಆಮೇಲೆ ತಡೆಯಲಾರದೆ ಲ್ಯಾಪ್‌ಟಾಪ್ ಒಯ್ದು ತೋರಿಸಿದೆ. ಡಯಲಿನ ಅಂಕಿ ಬಿಟ್ಟರೆ ಅವರಿಗೆ ಇಂಗ್ಲಿಷ್ ಓದಲು ಬಾರದು. ಏನು ಬರೆದಿದೆ ಎಂದು ಕೇಳಿದರು. ಪರದೆಯ ಮೇಲೆ ಬೆರಳಾಡಿಸುತ್ತ ಮೊದಲು ಅಲ್ಲಿಲ್ಲದ ಅವರ ಹೆಸರು, ಆಮೇಲೆ ನನ್ನದು ಓದಿದೆ.

"ನಂದ್ಯಾಕ ಹಾಕಿದ್ರಿ? ಬರೇ ಹಗ್ಗಾ ಹಿಡದಂವ. ನಿಮ್ದೊಂದ ಸಾಕಿತ್ತು."

ಇರಲಿ ಬಿಡ್ರಿ ಎಂದೆ, ದೊಡ್ಡ ಮನಸ್ಸಿನವನ ಹಾಗೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮರುವಾರ ಟಿಪ್ಪಣಿಗೆ ಅವರ ಹೆಸರು ಸೇರಿಸಿ, ತಂತ್ರಾಂಶ ನೋಡಿಕೊಳ್ಳುವವರಿಗೆ ಒಂದು ಸಾಲಿನ ತಿದ್ದುಪಡಿ ಕಳಿಸಿದೆ. ಇಷ್ಟು ದಿನ ಯಾಕೆ ಬಿಟ್ಟಿದ್ದಿರಿ ಎಂದು ಕೇಳಿಯಾರೆಂದು ನಾಲ್ಕು ಬಗೆಯ ಉತ್ತರ ತಯಾರಿಟ್ಟುಕೊಂಡಿದ್ದೆ. ಅಂದೇ ಸೇರಿಸಿಕೊಂಡರು. ಯಾರೂ ಏನೂ ಕೇಳಲಿಲ್ಲ.