ಜಗಲಿಯಲ್ಲಿ ಹಾಡು ಕಲಿಸಿದವರು

ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ, ಹಲಸೂರಿನ ನಮ್ಮ ಮನೆಗೆ ನನಗೆ ಸಂಗೀತ ಹೇಳಿಕೊಡಲು ಒಬ್ಬ ಹೆಂಗಸು ಬರುತ್ತಿದ್ದರು. ಅವರ ತಾಯಿ ದೇವಸ್ಥಾನದಲ್ಲಿ ಕುಣಿಯುತ್ತಿದ್ದವರು. ಅದಕ್ಕೇ ಅವರಿಗೆ ಜಗಲಿಯಲ್ಲೇ ಚಾಪೆ. ನಡುಮನೆಗೆ ಯಾರೂ ಕರೆಯುತ್ತಿರಲಿಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ಮೆತ್ತಗೆ ತಾಳ ಹಾಕುತ್ತಾ ತಾಯಿಯಿಂದ ಬಂದ ಹಾಡುಗಳನ್ನು ಕಲಿಸುತ್ತಿದ್ದರು. ಬೀದಿಯಲ್ಲಿ ಸೋಲ್ಜರುಗಳ ಲಾರಿ ಹಾದುಹೋದರೂ ಆ ತಾಳ ತಪ್ಪುತ್ತಿರಲಿಲ್ಲ. ನಾನು ತಪ್ಪಿದಾಗಲೆಲ್ಲ, "ಅವಸರ ಯಾಕಮ್ಮ, ಇನ್ನೊಂದ್ಸಲ" ಎನ್ನುತ್ತಿದ್ದರು.

ನನ್ನನ್ನು ನೋಡಲು ಗಂಡಿನವರು ಬಂದ ದಿನ, ಪಾಠವಿಲ್ಲವೆಂದು ತಿಳಿಯದೆ ಅವರೂ ಬಂದು ಜಗಲಿಯಲ್ಲಿ ಕೂತಿದ್ದರು. ನನ್ನ ಹಾಡು ಕೇಳಿ ಗಂಡಿನ ತಂದೆ ತಲೆದೂಗಿದರು. "ಯಾರಮ್ಮ ಹೇಳ್ಕೊಟ್ಟಿದ್ದು?"

ನಾನು ಜಗಲಿಯತ್ತ ಕೈ ತೋರಿಸಿದೆ. ಅಮ್ಮನ ಮುಖ ಬಿಳಿಚಿಕೊಂಡಿತು.

ಜಗಲಿಯಲ್ಲಿ ಕೂತಿದ್ದ ಅವರು ತಟ್ಟನೆ ಎದ್ದು ನಿಂತರು. "ಅಯ್ಯೋ, ನಾನಲ್ಲ ಸ್ವಾಮಿ. ನಾನು ಹೂ ಕೊಡೋಕೆ ಬಂದೋಳು. ಮಗು ಗ್ರಾಮಫೋನ್ ಪ್ಲೇಟ್ ಕೇಳಿ ಕಲ್ತಿರೋದು" ಎಂದು ಹೊರಟೇಹೋದರು.

ಮುಂದಿನ ಪಾಠದ ದಿನ ಅಳುತ್ತಾ ಕೇಳಿದೆ: "ಯಾಕೆ ಸುಳ್ಳು ಹೇಳಿದ್ರಿ?"

"ನಿಜ ಹೇಳಿದ್ರೆ ನಿನ್ ಸಂಬಂಧ ಮುರಿಯೋದು ಕಣಮ್ಮ. ಆಮೇಲೆ ನಮ್ಮಮ್ಮನ ಹಾಡನ್ನ ಯಾರೂ ನಿನ್ ಬಾಯಲ್ಲಿ ಹಾಡಿಸ್ತಿರಲಿಲ್ಲ."

ಮದುವೆಗೆ ಅವರನ್ನು ಯಾರೂ ಕರೆಯಲಿಲ್ಲ. ಗಂಡುಹೆಣ್ಣು ಒಬ್ಬರಿಗೊಬ್ಬರು ಅರಿಸಿನ ಹಚ್ಚುವ ಉರುಟಣೆಯಲ್ಲಿ ಮದುಮಗಳು ಹಾಡಬೇಕಿತ್ತು. ಆಗ ಚಪ್ಪರದಾಚೆ, ಬೀದಿಯ ಜನರ ನಡುವೆ ಅವರು ನಿಂತಿರುವುದು ಕಂಡಿತು. ನಾನು ಅವರ ತಾಯಿಯ ಹಾಡನ್ನೇ ಹಾಡತೊಡಗಿದೆ. "ಸ್ವಲ್ಪ ಮೆಲ್ಲಗೆ ಹಾಡಮ್ಮ" ಎಂದು ಅತ್ತೆ ಪಿಸುಗುಟ್ಟಿದರು. ನಾನು ದನಿಯನ್ನು ಬೀದಿಯವರೆಗೆ ಏರಿಸಿದೆ.