ಬ್ರೇಕ್ ಮೇಡಂ ಹೊಸ ಗೇರು ಪಳಗಿಸಿದ್ದು

ಆ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವರು ಅವರೇ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ ಅವರ ಬಲಗಾಲಿನ ಮೀನಖಂಡ ಕಲ್ಲಾಗಿಹೋಗಿತ್ತು. ಎಲ್ಲರ ಬಾಯಲ್ಲೂ ಅವರು ಬ್ರೇಕ್ ಮೇಡಂ. ಆಸ್ಪತ್ರೆಯ ಹಿಂದಿನ ಅವೇ ಬೀದಿಗಳನ್ನು ಆಮೆಯ ವೇಗದಲ್ಲಿ ಸುತ್ತಿಸಿ, "ಕ್ಲಚ್ ಒತ್ತಿ, ಕನ್ನಡಿ ನೋಡಿ, ಅಯ್ಯೋ ಗೋಡೆ, ಗೋಡೆ!" ಎಂದು ದಿನವಿಡೀ ಗಂಟಲು ಹರಿದುಕೊಂಡು ಮನೆಗೆ ಬಂದರೆ, ಗಂಡನ ಜೊತೆ ಜಗಳವಾಡಲೂ ದನಿ ಉಳಿದಿರುತ್ತಿರಲಿಲ್ಲ.

ಐವತ್ತು ದಾಟಿದ ವರ್ಷ ಮೇಡಂ ಯಾರನ್ನೂ ಕೇಳದೆ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡರು. ಎರಡೇ ಬಾಗಿಲು, ಎರಡೇ ಸೀಟು, ಕಡು ಹಸಿರು ಬಣ್ಣ. ಹಾರಲು ಹೊಂಚು ಹಾಕಿ ನೆಲಕ್ಕೆ ಹೊಟ್ಟೆ ತಾಗಿಸಿದ ಬೆಕ್ಕಿನಂಥ ಗಾಡಿ. ಒಮ್ಮೆಯಾದರೂ ಯಾರ ಗೊಡವೆಯೂ ಇಲ್ಲದೆ ಹೆದ್ದಾರಿಯಲ್ಲಿ ಕಣ್ಣಲ್ಲಿ ನೀರು ಬರುವಷ್ಟು ಜೋರಾಗಿ ಹೋಗಬೇಕು ಎನ್ನುವುದು ಅವರ ಆಸೆ. ಆದರೆ ಹೆದ್ದಾರಿ ತಲುಪುವ ಮೊದಲೇ ಗಾಡಿಯ ಹಿಂಭಾಗದಿಂದ ಕಲ್ಲು ಅರೆದಂಥ ಸದ್ದು ಬಂತು.

ಗ್ಯಾರೇಜಿನ ಮೇಸ್ತ್ರಿ ಗಾಡಿಯನ್ನು ಮೇಲೆತ್ತಿ, ಹಿಂದಿನ ಚಕ್ರಗಳ ನಡುವೆ ತೂಗುತ್ತಿದ್ದ ಕುಂಬಳಕಾಯಿಯಂಥ ಕಬ್ಬಿಣದ ಗುಂಡನ್ನು ಬೆರಳಿನಿಂದ ತಟ್ಟಿದ. "ಡಿಫರೆನ್ಶಿಯಲ್ ಹೋಗಿದೆ ಮೇಡಂ. ಎಂಜಿನ್ ಶಕ್ತೀನ ಎರಡು ಚಕ್ರಕ್ಕೂ ಹಂಚೋದು ಇದೇ. ಹೊಸದು ಹಾಕ್ಬೇಕು."

ಹೊಸದು ಬಂತು, ಕೂತಿತು. ಮೇಡಂ ಕೀಲಿಗೆ ಕೈಚಾಚಿದರೆ ಮೇಸ್ತ್ರಿ ಕೊಡಲಿಲ್ಲ.

"ಮೊದಲು ಕೇಳಿಸ್ಕೊಳ್ಳಿ. ಒಳಗಿನ ಗೇರುಗಳ ಹಲ್ಲು ಒಂದಕ್ಕೊಂದು ಇನ್ನೂ ಹೊಂದ್ಕೊಂಡಿಲ್ಲ. ಎಂಟುನೂರು ಕಿಲೋಮೀಟರ್ ಮೆತ್ತಗೆ ಓಡಿಸಿ ಪಳಗಿಸ್ಬೇಕು. ಮೊದಮೊದಲು ಸ್ವಲ್ಪ ಓಡಿಸಿ, ನಿಲ್ಸಿ, ಪೂರ್ತಿ ತಣ್ಣಗಾಗೋಕೆ ಬಿಡಿ. ಜೋರಾಗಿ ಒತ್ತೋ ಹಾಗಿಲ್ಲ, ಭಾರ ಎಳೆಸೋ ಹಾಗಿಲ್ಲ. ಕಾದ್ರೆ ಆಯಿಲ್ ಸುಟ್ಟು ಹಲ್ಲು ಹಾಳಾಗುತ್ತೆ. ಅಷ್ಟು ಮುಗಿಸಿ ಬನ್ನಿ, ಆಯಿಲ್ ಬದಲಾಯಿಸಿ ಕೊಡ್ತೀನಿ. ಆಮೇಲೆ ನಿಮ್ಮಿಷ್ಟ."

"ಮೆತ್ತಗೆ ಓಡಿಸಿ ಅಂತ ನೀನು ನನಗೆ ಹೇಳ್ತಿದ್ದೀಯಾ?"

"ಹೌದು ಮೇಡಂ," ಎಂದ ಅವನು, ನಗದೆ.

ಹೀಗೆ ಶುರುವಾಯಿತು ಅವರ ವನವಾಸ. ಹಗಲೆಲ್ಲ ಕಲಿಯುವವರ ಜೊತೆ ತೆವಳಿ, ಸಂಜೆ ತಮ್ಮದೇ ಸ್ಪೋರ್ಟ್ಸ್ ಕಾರಿನಲ್ಲಿ ತೆವಳುವುದು. ಗಾಡಿ ತಣ್ಣಗಾಗಲೆಂದು ಪೆಟ್ರೋಲ್ ಬಂಕಿನ ಮೋಟುಗೋಡೆಯ ಮೇಲೆ ಕೂತರೆ ಹೋಗುವವರು ಬರುವವರೆಲ್ಲ ನಿಂತು ವಿಚಾರಿಸುವವರೇ. ಒಂದು ಸಂಜೆ ಅವರ ಹಳೆಯ ಶಿಷ್ಯನೊಬ್ಬ ಕಾರು ನಿಲ್ಲಿಸಿದ. ಹಿಮ್ಮುಖವಾಗಿ ಗಾಡಿ ನಿಲ್ಲಿಸುವುದನ್ನು ಕಲಿಯುವಷ್ಟರಲ್ಲಿ ಮೇಡಂಗೆ ಏಳು ಕೆರೆ ನೀರು ಕುಡಿಸಿದ್ದ ಆಸಾಮಿ.

"ಏನ್ ಮೇಡಂ, ಕೆಟ್ಟು ನಿಂತಿದ್ಯಾ? ತಳ್ಳೋಣ್ವಾ?"

"ಏನೂ ಕೆಟ್ಟಿಲ್ಲ. ಸುಮ್ನೆ ನಿಲ್ಸಿದ್ದೀನಿ."

"ಪರವಾಗಿಲ್ಲ ಹೇಳಿ ಮೇಡಂ. ನೀವು ಸೈಕಲ್ಲಿಗಿಂತ ನಿಧಾನಕ್ಕೆ ಬರ್ತಿದ್ದಿದ್ದು ನೋಡ್ದೆ." ಹಾಗೆಂದವನು ಹೊಗೆಯುಗುಳಿಕೊಂಡು ಹೊರಟೇಹೋದ. ಮೇಡಂ ಹಲ್ಲು ಕಚ್ಚಿಕೊಂಡರು.

ಅಂತೂ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಆಗಲೇ ಅವರಿಗೆ ಜ್ವರ ಬಂದು ಮಲಗಬೇಕಾಯಿತು. ಗಂಡನಿಗೆ ಕನ್ನಡಕದ ಅಂಗಡಿ. ಸೊಳ್ಳೆಗೂ ಇಲ್ಲ ಎನ್ನಲಾರದ ಮನುಷ್ಯ. "ನಿನ್ನ ಕಿಲೋಮೀಟರ್ ಸ್ವಲ್ಪ ನಾನು ಮುಗಿಸಿಕೊಡ್ತೀನಿ ಬಿಡೇ. ನಾನಂತೂ ಜೋರಾಗಿ ಓಡಿಸೋನಲ್ಲ," ಎಂದು ಕೀಲಿ ತೆಗೆದುಕೊಂಡ. ಅದು ನಿಜವೂ ಆಗಿದ್ದರಿಂದ ಮೇಡಂ ಒಪ್ಪಿದರು.

ಅವನು ಮರಳಿದಾಗ ಮಂಡಿಯವರೆಗೆ ಕೆಸರು, ಮುಖದಲ್ಲಿ ಯುದ್ಧ ಗೆದ್ದ ಕಳೆ.

"ನಮ್ಮ ಬೇಕರಿಯವರ ಬ್ರೆಡ್ಡಿನ ವ್ಯಾನು ಮೋರಿಗೆ ಇಳಿದ್ಬಿಟ್ಟಿತ್ತು ಕಣೇ. ಪಾಪ, ಎಷ್ಟು ಜನ ನೂಕಿದ್ರೂ ಅಲ್ಲಾಡ್ಲಿಲ್ಲ. ನಮ್ಮ ಕಾರಿಗೆ ಹಗ್ಗ ಕಟ್ಟಿ ಎಳೆಸ್ದೆ. ಏನ್ ಶಕ್ತಿ ಅಂತೀಯ! ಬಂದೇಬಿಡ್ತು!"

ಮೇಡಂ ಹೊದಿಕೆ ಒದ್ದು ಎದ್ದು ಕೂತರು.

"ಏನು ಮಾಡಿದ್ರಿ?"

"ಎಳೆಸ್ದೆ."

"ರೀ, ಭಾರ ಎಳೆಸಬಾರದು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ?"

"ನಿಧಾನಕ್ಕೇ ಎಳೆಸ್ದೆ ಕಣೇ," ಎಂದ ಅವನು. ಅವನ ದನಿ ಆಗಲೇ ಇಳಿದಿತ್ತು.

ಮಾರನೆಯ ದಿನ ಮೇಡಂ ಸ್ವೆಟರ್ ಏರಿಸಿಕೊಂಡು ಗಾಡಿ ಹೊರತೆಗೆದರೆ, ಹಿಂದಿನಿಂದ ಜೇನುಹುಳು ಹೊಕ್ಕಂತೆ ಸಣ್ಣ ಗುಂಯ್ ಸದ್ದು. ಮೇಸ್ತ್ರಿ ಆಯಿಲ್ ಇಳಿಸಿದ. ಬೋಗುಣಿಗೆ ಬಿದ್ದದ್ದು ಕಪ್ಪಗೆ ಸೀದ ವಾಸನೆಯ ಸಾರು, ಅದರಲ್ಲಿ ಮಿನುಗುವ ಕಬ್ಬಿಣದ ಪುಡಿ. ಗಂಡ ಬಾಗಿಲ ಬಳಿಯೇ ನಿಂತು ತನ್ನ ಕನ್ನಡಕವನ್ನು ಒರೆಸಿದ್ದೇ ಒರೆಸಿದ್ದು.

"ಮುರಿದಿಲ್ಲ," ಎಂದ ಮೇಸ್ತ್ರಿ. "ಕಾದು ಹಲ್ಲಿನ ಮೈ ಸ್ವಲ್ಪ ಕೆಟ್ಟಿದೆ. ಹೊಸ ಆಯಿಲ್ ಹಾಕ್ತೀನಿ, ಮೊದಲಿಂದ ಪಳಗಿಸಿ. ಬಾಳಿಕೆ ಬರುತ್ತೆ. ಈ ಸದ್ದು ಮಾತ್ರ ಹೋಗಲ್ಲ."

"ಮೊದಲಿಂದ ಅಂದ್ರೆ?"

"ಮೊದಲಿಂದ ಅಂದ್ರೆ ಮೊದಲಿಂದಲೇ ಮೇಡಂ."

ಮೇಡಂಗೆ ಬೈಯಲು ಬಾಯಿ ಬರಲಿಲ್ಲ. ಬೈದಿದ್ದರೆ ಗಂಡನಿಗೂ ಹಗುರವಾಗುತ್ತಿತ್ತೇನೋ. ಮನೆಗೆ ಬಂದು ಮೇಡಂ ಬಚ್ಚಲಿನಲ್ಲಿ ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಅತ್ತರು. ಒಂದು ಕಾರಿಗಾಗಿ ಅಳುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ ಇನ್ನೂ ಸ್ವಲ್ಪ ಅತ್ತರು. ಆಮೇಲೆ ಮುಖ ತೊಳೆದು ಹೊರಗೆ ಬಂದು ಅಂದರು: "ಇನ್ನು ಅಷ್ಟೂ ದೂರ ನೀವು ಪಕ್ಕದಲ್ಲಿ ಕೂತಿರ್ಬೇಕು. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ."

ಗಂಡ ಕೂತ. ಹೆದರಿಕೆಗೆ ಮೊದಮೊದಲು ಕೆಮ್ಮುತ್ತಲೂ ಇರಲಿಲ್ಲ. ಆಮೇಲಾಮೇಲೆ ಅಂಗಡಿಗೆ ಬಂದ ಗಿರಾಕಿಗಳ ಸುದ್ದಿ ತೆಗೆಯತೊಡಗಿದ. ಯಾವುದೋ ಅಜ್ಜಿ ತಲೆಯ ಮೇಲೆ ಕನ್ನಡಕ ಇಟ್ಟುಕೊಂಡೇ ಅದು ಕಳೆದುಹೋಯಿತೆಂದು ಹೊಸದು ಮಾಡಿಸಿಕೊಂಡು ಹೋದದ್ದನ್ನು ಹೇಳಿದಾಗ ಮೇಡಂ ನಗಬಾರದೆಂದುಕೊಂಡಿದ್ದರೂ ನಕ್ಕುಬಿಟ್ಟರು. ನಕ್ಕದ್ದಕ್ಕೆ ಅವರಿಗೆ ಮತ್ತೆ ಸಿಟ್ಟು ಬಂತು.

ಕಡೆಗೊಂದು ದಿನ ಎಲ್ಲ ಮುಗಿಯಿತು. ಈ ಸಲ ಇಳಿಸಿದ ಆಯಿಲ್ ಜೇನಿನ ಬಣ್ಣಕ್ಕಿತ್ತು. ಮೇಸ್ತ್ರಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಹೋಗಿ ಮೇಡಂ," ಎಂದ. ಮುಂದಿನ ರಜಾದಿನ ಬೆಳಗ್ಗೆ ಹೆದ್ದಾರಿ ಖಾಲಿಯಿತ್ತು. ಮೇಡಂ ಒತ್ತಿದರು. ಗಾಡಿ ಮುಂದಕ್ಕೆ ನೆಗೆಯಿತು. ಗಂಡ ಸೀಟಿನ ಅಂಚು ಹಿಡಿದುಕೊಂಡ. ವೇಗ ಏರಿದಂತೆ ಗುಂಯ್ ಸದ್ದೂ ಏರಿತು, ಮತ್ತೂ ವೇಗವಾದಾಗ ಗಾಳಿಯ ಅಬ್ಬರದಲ್ಲಿ ಮುಳುಗಿತು. ಬಯಸಿದ್ದಂತೆಯೇ ಮೇಡಂ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಮುಂದೆ ರಸ್ತೆ ಅಗೆದಿದೆ ಎಂಬ ಫಲಕ ಕಂಡಿತು, ನಿಧಾನಿಸಬೇಕಾಯಿತು. ಸದ್ದು ಮತ್ತೆ ಕೇಳಿಸತೊಡಗಿತು.

"ಅಷ್ಟೊಂದೇನೂ ಇಲ್ಲ ಅಲ್ವೇನೇ?" ಎಂದು ಗಂಡ ಮೆಲ್ಲಗೆ ಕೇಳಿದ.

"ಇದೆ," ಎಂದರು ಮೇಡಂ.