ಕುಲ್ಸುಮಬಿಯ ಹಿತ್ತಲಲ್ಲಿ ಬೂಷ್ಟು ಹಿಡಿದ ಬೇರು

ಬ್ಯಾಡಗಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹಿತ್ತಲ ಸಿಮೆಂಟ್ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ ಕುಲ್ಸುಮಬಿ ಗೋವಿನಜೋಳದ ಗಿಡಗಳನ್ನು ಕೀಳುತ್ತಿದ್ದಾರೆ. ದಂಟು ಆಡಿಗೆ, ಬೇರು ತಮಗೆ. ಬೇರನ್ನು ಕುಡಗೋಲಿನಿಂದ ಸಣ್ಣಗೆ ಕೊಚ್ಚಿ ಅದೇ ತೊಟ್ಟಿಯ ಮರಳುಮಣ್ಣಿಗೆ ಬೆರೆಸುತ್ತಾರೆ. ಪುಟ್ಟ ಚೀಲಗಳಿಗೆ ಆ ಮಣ್ಣು ಒಂದೊಂದು ಚಮಚ. ಅದರ ಮೇಲೆ ಎಳೆಯ ಟೊಮೆಟೊ ಸಸಿ.

"ಬೇರಿಗೆ ತಾಗಬೇಕ್ರಿ," ತಲೆಯೆತ್ತದೆ ಹೇಳುತ್ತಾರೆ. "ತಾಗದಿದ್ರ ಹಾಕಿದ್ದೂ ಒಂದ, ಬಿಟ್ಟಿದ್ದೂ ಒಂದ."

ತಾಗಬೇಕಾದದ್ದು ಕಣ್ಣಿಗೆ ಕಾಣದ ಶಿಲೀಂಧ್ರ. ಕುಲ್ಸುಮಬಿಗೆ ಅದು ಬರೀ ಬೂಷ್ಟು. ಬೇರಿನೊಳಗೆ ಮನೆ ಮಾಡಿ, ಕೂದಲಿಗಿಂತ ತೆಳುವಾದ ಎಳೆಗಳನ್ನು ಮಣ್ಣಿಗೆ ಚಾಚಿ, ಬೇರಿಗೆ ಎಟುಕದ ಕಡೆಯಿಂದ ನೀರು, ಸಾರ ತಂದುಕೊಡುತ್ತದೆ. ಗಿಡ ಅದಕ್ಕೆ ಸಿಹಿ ಉಣಿಸುತ್ತದೆ. ಜೀವಂತ ಬೇರಿಲ್ಲದೆ ಅದು ಬೆಳೆಯದು. ಹಾಗಾಗಿ ಈ ತೊಟ್ಟಿಗಳಲ್ಲಿ ಗೋವಿನಜೋಳಕ್ಕೆ ಬಿಡುವಿಲ್ಲ.

ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಅವರದು ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸವಾಗಿತ್ತು. ಗಂಡ ಯೂಸುಫಸಾಬ ಅದೇ ಮಾರುಕಟ್ಟೆಯಲ್ಲಿ ಹಮಾಲಿ. ಕುಲ್ಸುಮಬಿಗೆ ಕೆಮ್ಮು ಎದೆಗಿಳಿದು ಉಸಿರು ಕಟ್ಟತೊಡಗಿದಾಗ ವೈದ್ಯರು ಖಾರದ ಧೂಳು ಬಿಡಲೇಬೇಕು ಅಂದರು. "ದುಡದ ಕೈ ಸುಮ್ನ ಕುಂದರತಾವೇನ್ರಿ? ಮನೀನ ಮೈಮ್ಯಾಲೆ ಬಂದಂಗ ಆಗತಿತ್ತು." ಹಾವೇರಿಯಲ್ಲಿ ನಡೆದ ಮಹಿಳೆಯರ ತರಬೇತಿಯೊಂದರಿಂದ ಅವರು ತಂದ ಬೂಷ್ಟಿನ ಪೊಟ್ಟಣವೇ ಈ ತೊಟ್ಟಿಗಳಿಗೆಲ್ಲ ಹೆಪ್ಪು.

ಮೊದಲ ಸಸಿಗಳನ್ನು ಕೊಂಡವರು ಮೋಟೆಬೆನ್ನೂರಿನ ಕಿರಾಣಿ ಅಂಗಡಿಯ ಪ್ರೇಮವ್ವ. ಹಿತ್ತಲಲ್ಲಿ ನೆಟ್ಟು ಕೆಲವು ದಿನಗಳ ಮೇಲೆ ಯಾರೋ ಕಿವಿಗೆ ಹಾಕಿದರು: ಆ ಸಸಿಯ ಬೇರಿಗೆ ಬೂಷ್ಟು ಹತ್ತಿಸಿದ್ದಾರೆ ಎಂದು. ಹೆದರಿದ ಪ್ರೇಮವ್ವ ಬೂಷ್ಟು ಸಾಯಿಸುವ ಔಷಧಿ ತಂದು ಬುಡಬುಡಕ್ಕೂ ಸುರಿದರು. ನೀರು ತಂದುಕೊಡುವ ಬೂಷ್ಟೂ ಸತ್ತು, ಬಿಸಿಲೇರಿದಾಗ ಗಿಡ ಜೋತುಬಿದ್ದವು. ಬಸ್ ಹತ್ತಿ ಬಂದವರೇ ಬಾಗಿಲಲ್ಲಿ ನಿಂತು ಕೂಗಾಡಿದರು: "ರೋಗದ ಸಸಿ ಮಾರೀದಿ ನೀ!"

ಓಣಿಯವರೆಲ್ಲ ಕೇಳಿಸಿಕೊಂಡರು. ಸಸಿ ಕೇಳಿಕೊಂಡು ಬರುವವರು ಇಲ್ಲವಾದರು. ತೊಟ್ಟಿ ಒಡೆದುಹಾಕಿಬಿಡಲೇ ಅನ್ನಿಸಿತ್ತು ಕುಲ್ಸುಮಬಿಗೆ. ಯೂಸುಫಸಾಬ ಅಂದದ್ದು ಇಷ್ಟೇ: "ಆಕಿ ಬಂದು ಬೈದಾಳ. ನೀನೂ ಹೋಗಿ ಹೇಳು."

ಹೋದರು. ಜಗಳಕ್ಕಲ್ಲ, ಹೊಸ ಸಸಿ ಹೊತ್ತುಕೊಂಡು. "ಎಂಥಾ ಬೂಷ್ಟಂತ ನಾನೂ ಬಿಡಿಸಿ ಹೇಳಿದ್ದಿಲ್ಲಕ್ಕ. ಒಂದು ಸಾಲು ನಂದು ಹಚ್ಚು, ಬಾಜೂಕ ಬ್ಯಾರೇ ಸಸಿ ಹಚ್ಚು. ಔಷಧಿ ಮಾತ್ರ ಹಾಕಬ್ಯಾಡ."

ಆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಪಕ್ಕದ ಸಾಲು ಎಲೆ ಮುದುಡಿಕೊಂಡರೆ ಕುಲ್ಸುಮಬಿಯ ಸಾಲು ಸೆಟೆದು ನಿಂತಿತು. ಹಣ್ಣೂ ಅದರಲ್ಲೇ ಹೆಚ್ಚು. ಬೈದ ಬಾಯಿಂದಲೇ ಪ್ರೇಮವ್ವ ಫೋನಿನಲ್ಲಿ ಕೇಳಿದರು: "ನಮ್ಮ ತಂಗಿ ಗುತ್ತಲದಾಗ ಅದಾಳ. ಆಕಿಗೂ ಕಳಸವಾ."

ಈಗ ನೆಡುವ ಹಂಗಾಮಿನಲ್ಲಿ ಕುಲ್ಸುಮಬಿಗೆ ಊಟಕ್ಕೂ ಪುರಸೊತ್ತಿಲ್ಲ. ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ಮಾತಿನ ನಡುವೆ ಉಸಿರು ಕಟ್ಟುವುದಿಲ್ಲ. ದೊಡ್ಡ ಮಾತನ್ನೂ ಅವರು ಆಡುವುದಿಲ್ಲ. "ರೋಗ ಬರಾಂಗೇ ಇಲ್ಲಂತ ಹೇಳಿದ್ರ ಸುಳ್ಳಾಕ್ಕೈತ್ರಿ. ಬಿಸಲಿಗೆ ತಡೀತಾವ, ಅದು ಖರೇ."

ಇನ್ನೇನು ಆಸೆ ಎಂದರೆ ಕೈಯ ಮಣ್ಣು ಕೊಡವಿ ನಗುತ್ತಾರೆ.

"ಗುತ್ತಲದಾಗ ನಾ ಕಳಿಸಿದ ಗಿಡ ಹಣ್ಣಿಗೆ ಬಗ್ಗ್ಯಾವಂತ್ರಿ. ಒಂದಿನ ಬಸ್ ಹತ್ತಿ ಹೋಗಬೇಕು. ಯಾರನ್ನೂ ಮಾತಾಡ್ಸೂದಿಲ್ಲ. ಬೇಲಿ ಹೊರಗ ನಿಂತು ನೋಡಿ ಬರತೇನಿ."